ಬೆಲ್ಲದ ಮನೆಯ ಆರು ಬಾಟಲಿ

ಹಾಲು-ತುಪ್ಪ ಮುಗಿಸಿ ನೆಂಟರೆಲ್ಲ ಊರಿಗೆ ಹೊರಟ ಮರುದಿನ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂತು.

ನಿಜಲಿಂಗಪ್ಪ ಬಡಾವಣೆಗೆ ನೀರು ದಿನ ಬಿಟ್ಟು ದಿನ. ಬಂದಾಗ ಹಿಡಿಯಬೇಕು. ನಾನು ಕೊಡ ತೊಳೆದೆ, ಹಿಡಿದೆ, ಹಂಡೆ ತುಂಬಿದೆ. ಕೆಳಮನೆಯಾಕೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಏನಾದರೂ ಹೇಳಬೇಕಲ್ಲ ಎಂದು, "ಇವತ್ತು ಫೋರ್ಸ್ ಚಲೋ ಐತೆ," ಎಂದರು. ನಾನು ಹೂಂ ಎಂದೆ.

ಕೊನೆಯ ಕೊಡ ಹೊತ್ತು ಮೇಲೆ ಬರುವಷ್ಟರಲ್ಲಿ ವಾಮದೇವಪ್ಪನವರು ಬಂದು ಕುರ್ಚಿಯಲ್ಲಿ ಕೂತಿದ್ದರು.

ದಂತ ಕಾಲೇಜಿನಲ್ಲಿ ಅವರು ನನ್ನ ಗಂಡ ಬಸವಪ್ರಭುವಿನ ಸಂಶೋಧನೆಗೆ ಗೈಡು. ಹೋದ ವಾರ ಬುಧವಾರ ಪ್ರಭುವಿನ ಸ್ಕೂಟರ್ ಹರಿಹರದ ಹಳೆಯ ಸೇತುವೆಯ ಮೇಲೆ ನಿಂತಿತ್ತು. ಮರುದಿನ ಅವನು ಹೊಳೆಯಲ್ಲಿ ಸಿಕ್ಕಿದ. ಬಿದ್ದನೋ ಹಾರಿದನೋ, ಪೊಲೀಸರು ಇನ್ನೂ ಬರೆದಿಲ್ಲ.

"ಚಾ ಬ್ಯಾಡ್ರಿ," ಎಂದರು ಅವರು, ನಾನು ಕೇಳುವ ಮೊದಲೇ. ಎದುರಿನ ಮಂಚದ ಮೇಲೆ ಮಾವ ಹಾಲೇಶಪ್ಪನವರು ಗೋಡೆಗೆ ಒರಗಿ ಕೂತಿದ್ದರು.

ವಾಮದೇವಪ್ಪನವರು ಫೈಲಿನಿಂದ ಒಂದು ಫೋಟೋ ತೆಗೆದು ಸ್ಟೂಲಿನ ಮೇಲಿಟ್ಟರು.

"ನೋಡ್ರಿ ರೂಪಶ್ರೀ, ನೀವು ಬಯೋಕೆಮಿಸ್ಟ್ರಿ ಓದಿದೋರು. ನಿಮಗೆ ಸುತ್ತಿ ಬಳಸಿ ಹೇಳೋದು ಬೇಕಿಲ್ಲ."

ನೋಡಿದೆ. ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ಲಿನ ಫೋಟೋ. ಬಣ್ಣ ಹಿಡಿದ ಆರು ಸಾಲು, ಪ್ರತಿ ಸಾಲಿನಲ್ಲೂ ಏಣಿಯ ಮೆಟ್ಟಿಲಿನಂತೆ ಅಡ್ಡಗೆರೆಗಳು. ಕೆಳಗೆ ಪ್ರಭುವಿನ ಸಣ್ಣ ಅಕ್ಷರ, ಒಂದರಿಂದ ಆರು.

"ಏನದು?" ಎಂದರು ಮಾವ.

"ಜೊಲ್ಲು, ಮಾವ. ಆರು ಜನರದು. ಅದರೊಳಗೆ ಪ್ರೋಟೀನು ಇರ್ತದೆ. ಹಲ್ಲಿನ ಮೇಲೆ ತೆಳ್ಳಗೆ ಹೊದ್ದುಕೊಳ್ತದೆ. ಕೆಲವರ ಪ್ರೋಟೀನು ಹುಳುಕು ಮಾಡೋ ಕ್ರಿಮಿಗೆ ಅಂಟಿಕೊಳ್ಳೋಕೆ ಜಾಗ ಕೊಡ್ತದೆ, ಕೆಲವರದು ಅಷ್ಟಾಗಿ ಕೊಡಲ್ಲ. ಯಾರಿಗೆ ಯಾವುದು ಅನ್ನೋದು ಅಪ್ಪ ಅವ್ವನಿಂದ ಬರ್ತದೆ, ಮೂಗು ಬಂದ ಹಾಗೆ. ಈ ಗೆರೆ ನೋಡಿದ್ರೆ ಯಾವುದು ಬಂದಿದೆ ಅಂತ ಗೊತ್ತಾಗ್ತದೆ."

ಮಾವ ತಮ್ಮ ಬೋಳು ದವಡೆಯನ್ನು ನಾಲಿಗೆಯಿಂದ ಸವರಿಕೊಂಡರು. "ಹಂಗಾದ್ರೆ ನಂದು ನಮ್ಮಪ್ಪನ ತಪ್ಪು."

"ಪೂರ್ತಿ ಅಲ್ಲ. ಬೆಲ್ಲ, ಬೀಡಿ ನಿಮ್ಮದೇ."

ಇದು ನನ್ನ ಮಾತಲ್ಲ. ಪ್ರಭು ಅವರಿಗೆ ಯಾವಾಗಲೂ ಹೇಳುತ್ತಿದ್ದ ಮಾತು. ನನ್ನ ಬಾಯಿಗೆ ಬಂದುಬಿಟ್ಟಿತು. ಮಾವ ತಲೆ ತಗ್ಗಿಸಿದರು.

ವಾಮದೇವಪ್ಪನವರು ಗಂಟಲು ಸರಿಮಾಡಿಕೊಂಡರು. "ಇದು ಹರಿಹರದ ಬೆಲ್ಲದ ಮಂಡಿಯೋರ ಮನೇದು. ನಿಮಗೆ ಗೊತ್ತಿರಬೇಕು."

ಗೊತ್ತಿತ್ತು. ಪ್ರಭು ಅಂಥ ಒಂದು ಮನೆಯನ್ನು ಬಹಳ ದಿನ ಹುಡುಕಿದ್ದ. ತಲೆಮಾರುಗಳಿಂದ ಬೆಲ್ಲದ ವ್ಯಾಪಾರ; ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಬೆಲ್ಲ. ಆದರೂ ಆ ಮನೆಯ ಅಜ್ಜಿಗಾಗಲಿ ಅವರ ಮಕ್ಕಳು ಮೊಮ್ಮಕ್ಕಳಿಗಾಗಲಿ ಹುಳುಕು ಹಲ್ಲಿಲ್ಲ. ಹೊರಗಿನಿಂದ ಬಂದ ಸೊಸೆಗೆ ಮಾತ್ರ ದವಡೆ ಪೂರ್ತಿ ಹಾಳು. ಅದೇ ಊಟ, ಅದೇ ನೀರು, ಅದೇ ಬೆಲ್ಲ. ವ್ಯತ್ಯಾಸವಿದ್ದರೆ ಅದು ಜೊಲ್ಲಿನಲ್ಲಿರಬೇಕು ಎಂಬುದು ಪ್ರಭುವಿನ ಊಹೆ. ಅಜ್ಜಿ, ಇಬ್ಬರು ಮಕ್ಕಳು, ಇಬ್ಬರು ಮೊಮ್ಮಕ್ಕಳು, ಕೊನೆಗೆ ಸೊಸೆ, ಈ ಕ್ರಮದಲ್ಲಿ ಆರು ಬಾಟಲಿ ತಂದಿದ್ದ.

"ಆರೂ ಒಂದೇ ತರ," ಎಂದರು ವಾಮದೇವಪ್ಪ. "ಒಂದು ಗೆರೆ ಆಚೀಚೆ ಇಲ್ಲ. ಅಣ್ಣ ತಮ್ಮಂದಿರಾಗೂ ಹಿಂಗೆ ಇರಲ್ಲ. ಯಾರದೋ ಒಬ್ಬರ ಜೊಲ್ಲಿಗೆ ನೀರು ಬೆರೆಸಿ ಆರು ಸಲ ಓಡಿಸ್ಯಾನೆ. ಇದನ್ನ ನಾನು ನಂಬಿ ಹೈದರಾಬಾದಿನ ಸಮ್ಮೇಳನದಾಗೆ ತೋರಿಸಿ ಬಂದೆ. ಒಂದು ಮನೆತನ, ಒಂದು ಗುರುತು ಅಂತ. ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಈಗ ನಾನು ಅವರಿಗೆಲ್ಲ ಮುಖ ಹೆಂಗೆ ತೋರಿಸಲಿ?"

"ಆರನೆಯದು ಯಾರದು ಸರ್?"

"ಆ ಮನೇರದೇ."

"ಸೊಸೆಯದಲ್ಲವಾ?"

"ಹೌದು. ಅದಕ್ಕೇ ಹೇಳಿದ್ದು. ತಲೆ ಇಲ್ಲದ ಸುಳ್ಳು."

ಮಾವ ಎದ್ದು ಬಾಲ್ಕನಿಗೆ ಹೋದರು.

"ಮಂಗಳವಾರ ಲ್ಯಾಬಿನಾಗೆ ಕರೆದು ಕೇಳಿದೆ," ಎಂದು ಅವರು ದನಿ ತಗ್ಗಿಸಿದರು. "ಉತ್ತರ ಕೊಡಲಿಲ್ಲ. ನಾನೂ ಗಟ್ಟಿಯಾಗಿ ಮಾತಾಡಿಬಿಟ್ಟೆ. ಆಮೇಲೆ ಅವನ ದನಿ ನಾನು ಕೇಳಲಿಲ್ಲ. ಮರುದಿನ ಹೊಳೆ." ಕನ್ನಡಕ ತೆಗೆದು ಒರೆಸಿಕೊಂಡರು. "ಸೋಮವಾರ ಸಮಿತಿ ಐತೆ. ಇದನ್ನ ಕೊಡಲೇಬೇಕು. ಇನ್ಸ್‌ಪೆಕ್ಟರೂ ನಿಮ್ಮ ಹತ್ರ ಬರ್ತಾರೆ. ಒಂದೆರಡು ದಿನದಿಂದ ಕುಗ್ಗಿದ್ರು ಅಂತ ಹೇಳಿಬಿಡ್ರಿ. ಬೇಗ ಮುಗೀತದೆ. ನಿಮಗೂ ಒಳ್ಳೇದು."

ಅಂದರೆ ಸೋಮವಾರದ ಹೊತ್ತಿಗೆ ಪ್ರಭು ಸುಳ್ಳುಗಾರನಾಗುತ್ತಾನೆ. ನನ್ನ ಬಾಯಿಂದ ಒಂದು ಮಾತು ಬಿದ್ದರೆ, ಸಿಕ್ಕಿಬಿದ್ದು ಹೊಳೆಗೆ ಹಾರಿದವನೂ ಆಗುತ್ತಾನೆ. ಎರಡೂ ಒಂದೇ ಫೋಟೋದ ಮೇಲೆ ನಿಂತಿವೆ.

"ಇದು ಒಂದು ದಿನ ಇರಲಿ ಸರ್," ಎಂದೆ.

"ಯಾಕ?"

"ಅವರ ಕೆಲಸ. ನೋಡಬೇಕು ಅನ್ನಿಸಿದೆ."

ಅವರು ನನ್ನ ಮುಖ ನೋಡಿದರು. ಅಲ್ಲಿ ಏನೂ ಸಿಕ್ಕಿರಲಿಕ್ಕಿಲ್ಲ. "ಇಟ್ಕಳ್ರಿ. ಇನ್ನೊಂದು ಪ್ರತಿ ನನ್ನ ಹತ್ರ ಐತೆ," ಎಂದು ಎದ್ದರು.

ಅವರು ಹೋದ ಮೇಲೆ ಫೋಟೋ ಹಿಡಿದು ಬಾಲ್ಕನಿಯ ಬೆಳಕಿಗೆ ಹೋದೆ.

ಪ್ರಭು ಸುಳ್ಳು ಹೇಳಬಲ್ಲವನೇ? ಗೊತ್ತಿಲ್ಲ. ಮದುವೆಯಾಗಿ ಎರಡು ವರ್ಷದಲ್ಲಿ ಅಷ್ಟು ತಿಳಿಯುವುದಿಲ್ಲ. ಆದರೆ ಇಷ್ಟು ದಡ್ಡ ಸುಳ್ಳು ಅವನದಲ್ಲ. ಸೊಸೆಯ ಹಲ್ಲು ಹಾಳಾಗಿದ್ದು ಜೊಲ್ಲು ಬೇರೆಯಾದ್ದರಿಂದ ಎಂದು ತೋರಿಸಲು ಹೊರಟವನು, ಸುಳ್ಳು ಸೃಷ್ಟಿಸುವುದಾದರೆ ಸೊಸೆಯ ಸಾಲನ್ನು ಬೇರೆ ಮಾಡುತ್ತಿದ್ದ. ಈ ಫೋಟೋ ಅವನ ಊಹೆಯನ್ನೇ ಕೆಡವುತ್ತದೆ. ತನ್ನನ್ನೇ ಸೋಲಿಸುವ ಸುಳ್ಳನ್ನು ಯಾರು ಹೇಳುತ್ತಾರೆ?

ಇನ್ನೊಂದು ಸಂಗತಿ ಇತ್ತು. ಗೆರೆಗಳ ಜಾಗ ಆರರಲ್ಲೂ ಒಂದೇ. ಗಾಢತೆ ಒಂದೇ ಅಲ್ಲ. ಮೊದಲ ಸಾಲು ಕಪ್ಪಗಿದೆ. ಎರಡನೆಯದು ಸ್ವಲ್ಪ ಕಡಿಮೆ. ಹಾಗೇ ಇಳಿಯುತ್ತ, ಆರನೆಯದು ಉಸಿರು ತಾಗಿದ ಕನ್ನಡಿಯಂತಿದೆ. ಲ್ಯಾಬಿನಲ್ಲಿ ನೀರು ಬೆರೆಸುವವನು ಅಳೆದು ಬೆರೆಸುತ್ತಾನೆ, ಅರ್ಧ, ಅದರರ್ಧ. ಇಲ್ಲಿ ಆ ಅಳತೆ ಇಲ್ಲ. ಮೂರರವರೆಗೆ ಸ್ವಲ್ಪ ಸ್ವಲ್ಪವೇ ಇಳಿದು, ನಾಲ್ಕರಲ್ಲಿ ಒಮ್ಮೆಲೆ ತೆಳ್ಳಗಾಗಿದೆ.

ಇದು ಬೆರೆಸಿದ್ದಲ್ಲ. ಒಂದೇ ಬಾಯಿ ದಣಿದದ್ದು.

"ಮಾವ, ನಾನು ಹರಿಹರಕ್ಕೆ ಹೋಗಿ ಬರ್ತೀನಿ."

ಅವರು ಕೆಳಗಿನ ರಸ್ತೆ ನೋಡುತ್ತಿದ್ದರು. "ಇವತ್ತೇ?"

"ಸೋಮವಾರದೊಳಗೆ ಆಗಬೇಕು. ಜನ ಏನಂತಾರೋ."

"ಅನ್ನೋರು ಮಧ್ಯಾಹ್ನ ಮಲಗ್ತಾರೆ. ಅಷ್ಟರಾಗೆ ಹೋಗಿ ಬಾ ತಾಯಿ."

ಹರಿಹರದಲ್ಲಿ ಬಸ್ಸು ಸೇತುವೆಯವರೆಗೆ ಹೋಗುವುದಿಲ್ಲ, ಊರೊಳಗೇ ನಿಲ್ಲುತ್ತದೆ. ಇಳಿದು ಹೊಳೆಯ ಕಡೆ ನೋಡದೆ ಪೇಟೆಯ ದಾರಿ ಹಿಡಿದೆ.

ಬೆಲ್ಲದ ಮಂಡಿ ಕೇಳಿ ಹುಡುಕಬೇಕಾಗಿರಲಿಲ್ಲ. ನೊಣ ಹೆಚ್ಚಾದ ಕಡೆ ನಡೆದರೆ ಸಾಕು. ಮುಂದೆ ಅಂಗಡಿ, ಅಚ್ಚುಬೆಲ್ಲದ ಗೋಣಿಚೀಲಗಳ ಸಾಲು. ಪಕ್ಕದ ಓಣಿಯಲ್ಲಿ ಹಿತ್ತಲಿನ ಮನೆಗೆ ದಾರಿ. ಗಂಡಸರು ಅಂಗಡಿಯಲ್ಲಿದ್ದರು. ನಾನು ಓಣಿಯಿಂದ ಹೋದೆ.

ಪಡಸಾಲೆಯಲ್ಲಿ ಬಸವಣ್ಣೆಮ್ಮ ಕೂತಿದ್ದರು. ಎಪ್ಪತ್ತರ ಆಚೆಯ ಹೆಂಗಸು, ಹಣೆ ತುಂಬ ವಿಭೂತಿ. ಗೋಟಡಿಕೆಯನ್ನು ಹಲ್ಲಿನಿಂದಲೇ ಒಡೆದು ಚೂರನ್ನು ತಟ್ಟೆಗೆ ಹಾಕುತ್ತಿದ್ದರು. ಪ್ರಭು ಈ ಹಲ್ಲುಗಳ ಬಗ್ಗೆ ಊಟದ ಹೊತ್ತಿನಲ್ಲೂ ಮಾತಾಡುತ್ತಿದ್ದ.

"ಯಾರು ತಂಗಿ?"

"ಡಾಕ್ಟರ್ ಬಸವಪ್ರಭು ಅವರ ಮನೆಯವಳು."

ಅಡಿಕೆ ಬಾಯಲ್ಲೇ ನಿಂತಿತು. ಅವರು ಅದನ್ನು ತೆಗೆದು ಸೆರಗಿಗೆ ಒರೆಸಿಕೊಂಡರು. "ಒಳಗ ಬಾ. ಬಾಗ್ಲಾಗೆ ನಿಂತು ಆ ಹೆಸರು ಹೇಳಬ್ಯಾಡ. ಹೊಟ್ಟಿ ಉರೀತದೆ."

ಸೊಸೆ ನೀರು, ಬೆಲ್ಲ ತಂದಿಟ್ಟಳು. ನಲವತ್ತರ ಹತ್ತಿರದವಳು. ಹೆಸರು ವಾಣಿಶ್ರೀ ಎಂದು ಹೇಳುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

ನಾನು ಲೋಟ ಕಚ್ಚಿ ನೀರು ಕುಡಿದೆ. ವಾಣಿಶ್ರೀ ಅದನ್ನು ತೆಗೆಯಲು ಕೈ ಚಾಚಿದಳು.

"ನೀ ಮುಟ್ಟಬ್ಯಾಡ, ಎಂಜಲೈತೆ," ಎಂದರು ಅವಳ ಅತ್ತೆ ಬಸವಣ್ಣೆಮ್ಮ. "ನಾನು ತೊಳೀತೀನಿ." ಮೊಣಕಾಲಿಗೆ ಕೈಕೊಟ್ಟು ಎದ್ದು, ಲೋಟವನ್ನು ತಾವೇ ಹಿತ್ತಲಿಗೆ ಒಯ್ದರು.

ಅವರು ವಾಪಸ್ಸು ಬಂದು ಕೂರುವವರೆಗೆ ಕಾದೆ.

"ಅಜ್ಜಿ, ನಮ್ಮನೆಯವರು ಮೊದಲ ಸಲ ಬಂದಾಗ ಎಲ್ಲಿ ಕೂತಿದ್ದರು?"

"ನೀ ಕೂತಲ್ಲೇ."

"ಬಾಟಲಿ?"

"ಒಳಗ ಕೊಟ್ಟು ಕಳಿಸ್ದ. ಹೆಸರು ಬರೆದು ಅಂಟಿಸಿದ್ದ. ಹೆಣ್ಮಕ್ಕಳು ಪರಗಂಡಸಿನ ಎದುರಿಗೆ ಉಗುಳ್ತಾರೇನು? ಅವನೂ ಮರ್ಯಾದಿ ಗೊತ್ತಿದ್ದ ಹುಡುಗ. ಗ್ವಾಡಿ ಕಡಿ ಮುಖ ಮಾಡಿ ಕೂತಿದ್ದ."

ಕಣ್ಣಿಗೆ ಕಟ್ಟಿತು. ಈ ಹಸಿರು ಗೋಡೆಗೆ ಮುಖ ಮಾಡಿ, ಮೊಣಕಾಲ ಮೇಲೆ ಕೈಯಿಟ್ಟು ಕೂತ ಪ್ರಭು.

"ತುಂಬಿದ ಬಾಟಲಿ ಹೊರಗೆ ತಂದುಕೊಟ್ಟವರು ಯಾರು?"

"ನಾನೇ."

"ತುಂಬಿಸಿದವರು?"

ಬಸವಣ್ಣೆಮ್ಮ ತಟ್ಟೆಯ ಅಡಿಕೆಯಲ್ಲಿ ಕೈಯಾಡಿಸಿದರು. ವಾಣಿಶ್ರೀ ಕಂಬದ ಹತ್ತಿರ ಸರಿದು ನಿಂತಳು.

ಫೋಟೋ ತೆಗೆದು ಅವರ ಮುಂದಿಟ್ಟೆ. "ಇದು ನಿಮ್ಮದು. ಇದು ನಿಮ್ಮ ದೊಡ್ಡ ಮಗನದು, ಇದು ಚಿಕ್ಕವರದು. ಇವೆರಡು ಮೊಮ್ಮಕ್ಕಳದು. ಗೆರೆ ಎಣಿಸಿ ನೋಡಿ, ಎಲ್ಲ ಒಂದೇ. ಇದು ಸೊಸೆಯದು. ಇದೂ ಒಂದೇ. ನಿಮ್ಮ ಜೊಲ್ಲು ಇವರ ಬಾಯಲ್ಲಿದ್ದಿದ್ದರೆ, ಇವರು ಸೆರಗು ಅಡ್ಡ ಹಿಡಿದು ಮಾತಾಡಬೇಕಾಗಿರಲಿಲ್ಲವೇನೋ."

"ನನ್ನ ಮನಿಗೆ ಬಂದು ನನ್ನನ್ನ ಪಾಟೀಸವಾಲು ಮಾಡ್ತೀಯೇನು?"

"ಆರೂ ನೀವೇ ತುಂಬಿಸಿದಿರಾ ಅಜ್ಜಿ?"

"ಹೂಂ, ತುಂಬಿಸ್ದೆ," ಎಂದರು. ದನಿ ಏರಿತು. "ಮತ್ತೇನು, ಸೊಸಿ ಎಂಜಲನ್ನ ಬಾಟ್ಲಿಗೆ ಹಾಕಿ ಊರು ಸುತ್ತಾಕೆ ಕೊಡ್ಲಾ? ಯಾರ ಕೈಗೆ ಹೋಗ್ತದೋ, ಯಾರು ಏನು ಮಾಟ ಮಾಡಿಸ್ತಾರೋ, ಯಾವನಿಗ್ಗೊತ್ತು? ಮಕ್ಕಳದ್ದೂ ಕೊಡಲಿಲ್ಲ, ಮೊಮ್ಮಕ್ಕಳದ್ದೂ ಕೊಡಲಿಲ್ಲ. ಡಾಕ್ಟ್ರಿಗೆ ಇಲ್ಲ ಅನ್ನಾಕೂ ಆಗಲಿಲ್ಲ. ನಾನು ಮುದುಕಿ, ಆಗೋದು ನನಗೇ ಆಗ್ಲಿ ಅಂತ ಎಲ್ಲಾ ನಂದೇ ಕೊಟ್ಟೆ."

ಮತ್ತೆ, ದೂರು ಹೇಳುವವರ ಹಾಗೆ, "ಆರು ಬಾಟ್ಲಿ ಅಂದ್ರೆ ಸುಮ್ನೆ ಆತಾ? ಮೂರಕ್ಕೇ ಬಾಯಿ ಒಣಗಿ ಬಣಬಣ ಅಂತು. ಆಮ್ಯಾಲೆ ಹುಣಸಿಹಣ್ಣು ಚೀಪಿ ಚೀಪಿ ತುಂಬಿಸ್ದೆ. ಎರಡು ದಿನ ನಾಲಿಗಿ ಮ್ಯಾಲೆ ರುಚಿ ಇರಲಿಲ್ಲ," ಎಂದರು.

ನಾಲ್ಕನೆಯ ಸಾಲು. ಅಲ್ಲಿಂದ ತೆಳ್ಳಗಾದದ್ದು ಹುಣಸೆಹಣ್ಣಿಗೆ ಊರಿದ ಬಾಯಿನೀರಿನಿಂದ.

ಸೆರಗಿನ ಹಿಂದೆ ವಾಣಿಶ್ರೀ ನಕ್ಕಳು. ನಾನು ಯಾರೆಂಬುದು ನೆನಪಾಗಿ ತಟ್ಟನೆ ನಿಲ್ಲಿಸಿದಳು.

"ಈ ಮಾತನ್ನು ನೀವು ಇನ್ನೊಂದು ಸಲ ಹೇಳಬೇಕು ಅಜ್ಜಿ," ಎಂದೆ. "ಕಾಲೇಜಿನಲ್ಲಿ. ಪೊಲೀಸರ ಮುಂದೆ."

"ನಾನು ಯಾವ ಠಾಣಿ ಮೆಟ್ಲೂ ಹತ್ತಲ್ಲ."

"ಅಲ್ಲಿಗೆ ಬರೋದು ಬೇಡ. ಅವರನ್ನೇ ಇಲ್ಲಿಗೆ ಕರೆಸ್ತೀನಿ."

"ನನ್ನ ಮಕ್ಕಳಿಗೆ ಗೊತ್ತಿಲ್ಲ. ನಮ್ಮದು ಹುಳುಕಿಲ್ಲದ ಮನೆತನ, ಡಾಕ್ಟ್ರು ಎಲ್ಲಾರನ್ನೂ ಪರೀಕ್ಷೆ ಮಾಡ್ಯಾರೆ ಅಂತ ಪ್ಯಾಟಿ ತುಂಬ ಹೇಳ್ಕಂಡು ತಿರುಗ್ತಾವೆ. ಈ ವಯಸ್ಸಿನಾಗೆ ಅವರ ಬಾಯಾಗೆ ಬೀಳಲಾ?"

"ನೀವು ಹೇಳದಿದ್ದರೆ ಅವರು ಸುಳ್ಳು ಲೆಕ್ಕ ತೋರಿಸಿ ಸಿಕ್ಕಿಬಿದ್ದರು ಅಂತ ಬರೀತಾರೆ. ಆ ನಾಚಿಕೆಗೆ ಹೊಳೆಗೆ ಹಾರಿದರು ಅಂತ ಬರೀತಾರೆ."

ಬಸವಣ್ಣೆಮ್ಮ ನನ್ನನ್ನು ನೆಟ್ಟಗೆ ನೋಡಿದರು. ಸಿಟ್ಟು ಇಳಿದು ಬೇರೇನೋ ಬಂತು.

"ಹಾರೋದಾ? ಅವನ್ಯಾಕ ಹಾರ್ತಾನೆ? ನಕ್ಕೊಂತ ಹೋದನಲ್ಲ."

"ಯಾವಾಗ?"

"ಅವತ್ತೇ. ಬುಧವಾರ. ಊಟದ ಹೊತ್ತಿಗೆ ಬಂದಿದ್ದ. ನೀ ಕೇಳಿದ್ದನ್ನೇ ಕೇಳ್ದ. ಮುಖ ಬಾಡಿತ್ತು, ನೋಡಾಕಾಗಲಿಲ್ಲ, ಹೇಳಿಬಿಟ್ಟೆ. ಹುಣಸಿಹಣ್ಣಿನ ಮಾತು ಬಂತು ನೋಡು, ನಗಾಕ ಹತ್ತಿದ. ಕೆಮ್ಮು ಬರೋವರೆಗೆ ನಕ್ಕ. 'ಅಜ್ಜಿ, ನನ್ನ ಜೀವ ಉಳಿಸಿದ್ರಿ' ಅಂತ ಕಾಲು ಮುಟ್ಟಿದ."

ಅಂಗಡಿಯ ಕಡೆಯಿಂದ ಬೆಲ್ಲ ಒಡೆಯುವ ಸದ್ದು ಬರುತ್ತಿತ್ತು.

"ಇಲ್ಲಿಂದಾನೇ ಫೋನೂ ಮಾಡಿದ್ರು," ಎಂದಳು ವಾಣಿಶ್ರೀ. ಅವಳು ತಾನಾಗಿ ಆಡಿದ ಮೊದಲ ಮಾತು.

"ಯಾರಿಗೆ?"

"ವಾಮದೇವಪ್ಪ ಸರ್ ಅದಾರಾ ಅಂದ," ಎಂದು ಬಸವಣ್ಣೆಮ್ಮ ನಡುವೆ ಬಂದರು. "ನನ್ನ ತಮ್ಮನ ಹೆಸರೂ ಅದೇ. ಅದಕ್ಕೇ ಕಿವಿ ಕೊಟ್ಟೆ. 'ಸರ್, ಗೊತ್ತಾತು, ಎಲ್ಲಾ ಅಜ್ಜಿದೇ ಅಂತೆ' ಅಂದ. ಆ ಕಡಿಯಿಂದ ಏನೋ ಬಾಳ ಹೊತ್ತು ಮಾತಾಡಿದ್ರು. ಇವನು ಹೂಂ ಹೂಂ ಅಂದ. ಕಡೀಕೆ, 'ಆಗ್ಲಿ, ಸೇತುವಿ ತಾವ ಕಾಯ್ತೀನಿ' ಅಂತ ಇಟ್ಟ."

ನೀರಿನ ಲೋಟಕ್ಕೆ ಕೈ ಹೋಯಿತು. ಲೋಟ ಅಲ್ಲಿರಲಿಲ್ಲ.

ಇವತ್ತು ಬೆಳಗ್ಗೆ ನಮ್ಮ ಮನೆಯ ಕುರ್ಚಿಯಲ್ಲಿ ಕೂತು, ಮಂಗಳವಾರದ ಮೇಲೆ ಅವನ ದನಿ ಕೇಳಲಿಲ್ಲ ಎಂದವರು ಕನ್ನಡಕ ಒರೆಸಿಕೊಂಡಿದ್ದರು.

"ಪೊಲೀಸರು ಬಂದು ಕೇಳಲಿಲ್ಲವಾ?"

"ಯಾರು ಬಂದಾರೆ? ಸ್ಕೂಟ್ರು ಸೇತುವಿ ಮ್ಯಾಲಿತ್ತು ಅಂತ ಪೇಪರ್‌ನಾಗೆ ಬಂದಿದ್ದನ್ನ ನನ್ನ ಮಗ ಓದಿ ಹೇಳ್ದ. ಇಲ್ಲಿಗೆ ಬಂದಿದ್ದ ಅಂತ ನಾವಾಗೇ ಹೋಗಿ ಹೇಳೋದು ಹೆಂಗೆ?"

ವಾಣಿಶ್ರೀ ಒಳಗೆ ಹೋಗಿ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ, ಒಂದು ಪೊಟ್ಟಣ. "ಇದು ಫೋನಿನ ಪಕ್ಕ ಇಟ್ಟು ಹೋಗಿದ್ರು. ಹಂಗೇ ಐತೆ, ಯಾರೂ ಮುಟ್ಟಿಲ್ಲ."

ಡಬ್ಬಿಯಲ್ಲಿ ಹತ್ತಿಯ ನಡುವೆ ಒಂದು ಪುಟ್ಟ ಉಕ್ಕಿನ ಬಟ್ಟಲು, ಅದರಿಂದ ಹೊರಟ ಎರಡು ಸಣ್ಣ ನಳಿಗೆ, ಒಂದು ರಬ್ಬರ್ ಬುರುಡೆ. ನೋಡಿರಲಿಲ್ಲ, ಕೇಳಿ ಗೊತ್ತಿತ್ತು. ಕೆನ್ನೆಯ ಒಳಗೆ, ಜೊಲ್ಲು ಬರುವ ಕಂಡಿಯ ಮೇಲೆ ಕಚ್ಚಿ ಕೂರುವ ಬಟ್ಟಲು. ಯಾರ ಕೆನ್ನೆಗೆ ಇಟ್ಟರೆ ಅವರದೇ ಬರುತ್ತದೆ, ಇನ್ನೊಬ್ಬರು ತುಂಬಿಸಲು ಸಾಧ್ಯವಿಲ್ಲ. ವಾಮದೇವಪ್ಪನವರು ಜಪಾನಿನಿಂದ ತಂದದ್ದು, ಕಾಲೇಜಿಗೆಲ್ಲ ಒಂದೇ. ಮುಚ್ಚಳದ ಮೇಲೆ ಅವರ ಹೆಸರಿನ ಪಟ್ಟಿ ಇತ್ತು. ಕೇಳಿ ಪಡೆದಿರಬೇಕು. ಪೊಟ್ಟಣದಲ್ಲಿ ಖಾಲಿ ಬಾಟಲಿಗಳು.

"ಅವತ್ತು ಯಾಕೆ ತೆಗೆಯಲಿಲ್ಲ?"

"ನಾವು ಬ್ಯಾಡ ಅಂದ್ವಿ," ಎಂದರು ಬಸವಣ್ಣೆಮ್ಮ. "ಬಾಯಾಗೆ ಕೈ ಹಾಕಿಸ್ಕಳಾಕ ಆಗ್ತದೇನು? ಅದಕ್ಕವನು, 'ನಾಳೆ ನನ್ನ ಹೆಂಡ್ತೀನ ಕರ್ಕಂಡು ಬರ್ತೀನಿ. ಆಕಿ ನನಗಿಂತ ಚೆನ್ನಾಗಿ ಓದ್ಯಾಳೆ, ಆಕಿ ಮಾಡ್ತಾಳೆ. ಇದು ಇಲ್ಲೇ ಇರ್ಲಿ' ಅಂದ."

ನನಗಿಂತ ಚೆನ್ನಾಗಿ ಓದಿದ್ದಾಳೆ ಎಂಬುದನ್ನು ಅವನು ನನಗೆ ಯಾವತ್ತೂ ಹೇಳಿರಲಿಲ್ಲ.

ಬಟ್ಟಲನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಆಮೇಲೆ, "ಬಿಸಿನೀರು ಕೊಡ್ತೀರಾ?" ಎಂದು ಕೇಳಿದೆ.

ವಾಣಿಶ್ರೀ ಚೊಂಬು ತಂದು ನನ್ನ ಎದುರು ಕೂತಳು. "ಮೊದಲು ನಂದು ತಗಳ್ರಿ."

"ಏ," ಎಂದರು ಅತ್ತೆ.

"ನಂದು ತಗಳ್ಳಿ ಬಿಡ್ರಿ ಅತ್ತಿ. ಹಲ್ಲು ಉಜ್ಜಲ್ಲ, ಮೈಗಳ್ಳಿ ಅಂತ ಮದುವಿ ಆದಾಗಿಂದ ಕೇಳೀನಿ. ನಮ್ಮಪ್ಪಂದೂ ಹಿಂಗೇ ಇತ್ತು, ನಮ್ಮಣ್ಣಂದೂ ಹಿಂಗೇ ಐತೆ. ಒಂದ್ಸಲ ಗೊತ್ತಾಗ್ಲಿ." ಸೆರಗು ಸರಿಸಿ ಬಾಯಿ ತೆರೆದಳು.

ಬಸವಣ್ಣೆಮ್ಮ ಬೇರೆ ಕಡೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ, ಒಂದು ಹೋಳು ಹುಣಸೆಹಣ್ಣು ತಂದು ಸೊಸೆಯ ಅಂಗೈಗೆ ಹಾಕಿದರು.

ಬಟ್ಟಲು ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿತು. ನಳಿಗೆಯ ತುದಿಯಲ್ಲಿ ತಿಳಿಯಾದ ಹನಿ ಕಾಣಿಸಿಕೊಂಡಿತು. ಕಾಲು ಬಾಟಲಿಯಾಗುವವರೆಗೆ ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಬಟ್ಟಲನ್ನು ಕುದಿವ ನೀರಿಗೆ ಹಾಕಿ ತೆಗೆದು, ಅತ್ತೆಯದನ್ನೂ ತೆಗೆದೆ.

ಬಾಟಲಿಗಳಿಗೆ ತಂಪು ಬೇಕಿತ್ತು. ಫ್ರಿಜ್ಜಿನ ಮುಂದೆ ಮತ್ತೊಂದು ಜಗಳವಾಯಿತು.

"ಮೊಸರಿನ ಪಕ್ಕ ಎಂಜಲು ಇಡ್ತೀಯೇನು?"

"ಮೇಲಿನ ಐಸಿನ ಖಾನೆಯಲ್ಲಿ ಇಡ್ತೀನಿ ಅಜ್ಜಿ. ಮುಚ್ಚಳ ಬಿಗಿಯಾಗಿದೆ."

"ಸೋಮವಾರ ಒಯ್ದುಬಿಡು. ಆಮ್ಯಾಲೆ ಫ್ರಿಜ್ಜು ತೊಳಸ್ತೀನಿ." ಖಾನೆಯ ಬಾಗಿಲನ್ನು ತಾವೇ ಒತ್ತಿ ಮುಚ್ಚಿದರು. "ಠಾಣಿಗೆ ಬರಲ್ಲ. ಯಾರಾರ ಇಲ್ಲಿಗೆ ಬಂದು ಕೇಳಿದ್ರೆ ಇದ್ದದ್ದು ಹೇಳ್ತೀನಿ. ನನ್ನ ಮಕ್ಕಳ ಮುಂದೇನೇ ಹೇಳ್ತೀನಿ. ಸಾಕಾ?"

ಸಾಕು ಎಂದೆ. ಬಾಗಿಲವರೆಗೆ ಬಂದು, "ತಂಗಿ, ಒಬ್ಬಾಕೀನೇ ಓಡಾಡಬ್ಯಾಡ," ಎಂದರು.

ಊರಿಗೆ ಮರಳಿ, ವಾಮದೇವಪ್ಪನವರ ಮನೆಯಿದ್ದ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿಗೆ ಬಂದಾಗ ಮನೆಮನೆಗಳಲ್ಲಿ ದೀಪ ಹತ್ತುತ್ತಿತ್ತು. ಮಾವ ತಾವೂ ಜೊತೆಗೆ ಬಂದಿದ್ದರು, ಅವರನ್ನು ರಸ್ತೆಯ ತಿರುವಿನ ಅಂಗಡಿಯ ಹತ್ತಿರ ನಿಲ್ಲಿಸಿ ಬಂದಿದ್ದೆ. ಅಲ್ಲಿಂದ ಗೇಟು ಕಾಣುತ್ತದೆ.

ವಾಮದೇವಪ್ಪನವರು ಲುಂಗಿ ಮೇಲೆ ಕಟ್ಟಿ ಕ್ರೋಟನ್ ಗಿಡಗಳಿಗೆ ಪೈಪಿನಲ್ಲಿ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಲುಂಗಿ ಇಳಿಸಿದರು.

"ಬರ್ರಿ ರೂಪಶ್ರೀ. ಫೋಟೋ ತಂದ್ರಾ?"

"ಇಲ್ಲ ಸರ್. ನಿಮ್ಮ ವಸ್ತು ಒಂದಿತ್ತು. ಪ್ರಭು ನಿಮ್ಮ ಹತ್ತಿರ ಇಸ್ಕೊಂಡಿದ್ದು. ಕೊಟ್ಟು ಹೋಗೋಣ ಅಂತ ಬಂದೆ."

ಸೋಪಿನ ಡಬ್ಬಿಯನ್ನು ಚಾಚಿದೆ. ಅವರು ಕೈ ಮುಂದೆ ತಂದರು. ಮುಚ್ಚಳದ ಮೇಲಿನ ತಮ್ಮ ಹೆಸರು ಕಂಡು ಕೈ ಹಾಗೇ ನಿಂತಿತು.

"ಇದು ಎಲ್ಲಿತ್ತು?"

"ಹರಿಹರದಲ್ಲಿ. ಬೆಲ್ಲದವರ ಮನೆಯಲ್ಲಿ, ಫೋನಿನ ಪಕ್ಕ."

ಪೈಪು ಅವರ ಇನ್ನೊಂದು ಕೈಯಿಂದ ಜಾರಿತ್ತು. ನೀರು ಗಿಡದ ಪಾತಿ ತುಂಬಿ ಅವರ ಪಾದದ ಸುತ್ತ ಹರಡಿತು. ಅವರು ಕಾಲು ತೆಗೆಯಲಿಲ್ಲ.

"ಅವತ್ತು ಫೋನು ಎತ್ತಿದ್ದು ನಾನಲ್ಲ," ಎಂದರು.

ಫೋನು ಬಂದಿತ್ತೆಂದು ನಾನು ಹೇಳಿರಲಿಲ್ಲ.

ಆಡಿದ ಮೇಲೆ ಅದು ಅವರಿಗೂ ಕೇಳಿಸಿತು. ಆದರೆ ಅವರು ನನ್ನ ಮುಖ ನೋಡಲಿಲ್ಲ. ತಿರುಗಿ ತಮ್ಮದೇ ಮನೆಯ ಕಿಟಕಿಯನ್ನು ನೋಡಿದರು. ಅಲ್ಲಿ ಉರಿಯುತ್ತಿದ್ದ ದೀಪ ಆರಿತು. ಪರದೆ ಇನ್ನೂ ಅಲುಗುತ್ತಿತ್ತು. ಅವತ್ತು ಫೋನು ಎತ್ತಿದವರು ಆ ಪರದೆಯ ಹಿಂದಿರಬೇಕು.

"ಒಳಗೆ ಯಾರಿದ್ದಾರೆ ಸರ್?"

ಅವರು ಡಬ್ಬಿಯನ್ನು ನನ್ನ ಕೈಯಿಂದ ಅವಸರದಲ್ಲಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಬಟ್ಟಲನ್ನು ಬೆರಳಲ್ಲಿ ಎತ್ತಿ ಬೀದಿಯ ಬೆಳಕಿಗೆ ಹಿಡಿದರು. ನಳಿಗೆಯೊಳಗೆ ಒಂದು ಹನಿ ಓಡಾಡಿತು.

"ತೊಳೆದಿಲ್ಲ ಸರ್," ಎಂದೆ. "ಇವತ್ತು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರ ಬಾಯಿಗೂ ಇಟ್ಟಿದ್ದೆ. ಬಾಟಲಿಗಳು ಮಾತ್ರ ಬೇರೆ ಕಡೆ ಇವೆ."